ಬರೀ ಬಿಯರ್ ಸಾರ್!

ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಜೊತೆಗೆ ಹುಡುಗರ ಹಾಸ್ಟೆಲಿನ ವಾರ್ಡನ್. ಹಗಲು ಬೋರ್ಡಿನ ಮೇಲೆ ಎಥನಾಲಿನ ರಚನೆ ಬರೆಯುತ್ತೇನೆ, ರಾತ್ರಿ ಅದರ ವಾಸನೆ ಯಾವ ರೂಮಿನಿಂದ ಬಂತೆಂದು ಕಾರಿಡಾರಿನಲ್ಲಿ ಹುಡುಕುತ್ತೇನೆ. ಸಿಕ್ಕಿಬಿದ್ದ ಫಸ್ಟ್ ಇಯರ್ ಹುಡುಗನ ಬಾಯಿಂದ ಮೊದಲು ಬರುವ ಮಾತು ಒಂದೇ: ‘ಬರೀ ಬಿಯರ್ ಸಾರ್, ಹಾಟ್ ಅಲ್ಲ.’ ಬೈದರೆ ತಲೆ ತಗ್ಗಿಸಿ ನಿಲ್ಲುತ್ತಾನೆ, ಮುಂದಿನ ವಾರ ಇನ್ನಷ್ಟು ಹುಷಾರಾಗಿ ಕುಡಿಯುತ್ತಾನೆ. ಅದಕ್ಕೆ ಬೈಯುವ ಬದಲು ಒಂದು ಹಾಳೆ, ಪೆನ್ನು ಕೊಟ್ಟು ಲೆಕ್ಕ ಮಾಡಿಸುತ್ತೇನೆ.

ಲೆಕ್ಕ ಸುಲಭ. ದೊಡ್ಡ ಬಿಯರ್ ಬಾಟಲಿ 650 ಎಂ.ಎಲ್. ಹುಡುಗರು ಕೊಳ್ಳುವುದು ‘ಸ್ಟ್ರಾಂಗ್’. ಅದರಲ್ಲಿ ಆಲ್ಕೋಹಾಲ್ ಸುಮಾರು ಶೇ 8, ಅಂದರೆ 52 ಎಂ.ಎಲ್. ಈ ಆಲ್ಕೋಹಾಲಿನ, ಅಂದರೆ ಎಥನಾಲಿನ, ಸಾಂದ್ರತೆ ಎಂ.ಎಲ್.ಗೆ 0.789 ಗ್ರಾಂ. ಗುಣಿಸಿದರೆ 41 ಗ್ರಾಂ. ಈಗ ವಿಸ್ಕಿಗೆ ಬರೋಣ. ಲೇಬಲ್ ಮೇಲೆ ಶೇ 42.8 ಎಂದು ಅಚ್ಚಾಗಿರುತ್ತದೆ. 30 ಎಂ.ಎಲ್.ನ ಸಣ್ಣ ಪೆಗ್ಗಿನಲ್ಲಿ ಇರುವುದು 10 ಗ್ರಾಂ. ಬರೀ ಬಿಯರ್ ಕುಡಿದ ಹುಡುಗ ನಾಲ್ಕು ಪೆಗ್ ವಿಸ್ಕಿಯಷ್ಟು ಆಲ್ಕೋಹಾಲನ್ನು ಹೊಟ್ಟೆಗೆ ಇಳಿಸಿ ಬಂದಿದ್ದಾನೆ. ನಾಲ್ಕು ಪೆಗ್ ಕುಡಿದೆ ಎಂದು ಹೇಳಿಕೊಳ್ಳಲು ಅವನಿಗೇ ಹೆದರಿಕೆಯಾಗುತ್ತಿತ್ತು. ಉತ್ತರ ಬರೆದು ಅದರ ಕೆಳಗೆ ಗೆರೆ ಎಳೆದ ಮೇಲೆ ಅವನ ಮುಖ ನೋಡಬೇಕು.

ಇದಕ್ಕೆ ಎರಡನೇ ಪ್ರಶ್ನೆಯೂ ಉಂಟು. ನಮ್ಮ ಲಿವರ್ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಮಜ್ಜಿಗೆ, ನಿಂಬೆಹಣ್ಣು, ಕಡುಕಾಫಿ, ತಣ್ಣೀರಿನ ಸ್ನಾನ, ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. 180 ಎಂ.ಎಲ್.ನ ಒಂದು ಕ್ವಾರ್ಟರಿನಲ್ಲಿ 60 ಗ್ರಾಂ ಇರುತ್ತದೆ. ರಾತ್ರಿ ಹನ್ನೆರಡಕ್ಕೆ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಕ್ಲಾಸಿನ ಹೊತ್ತಿಗೂ ಅದು ಉಳಿದಿದ್ದೀತು. ಬೈಕ್ ಹತ್ತಿದರೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಲೆಕ್ಕ ಇಷ್ಟೇ. ಆದರೆ ಹುಡುಗರು ಕುಡಿಯಲು ಶುರು ಮಾಡುವುದು ಲೆಕ್ಕ ಬಾರದೆ ಅಲ್ಲ.

ನಮ್ಮಲ್ಲಿ ಫಸ್ಟ್ ಇಯರ್‌ನವರು ಸಿಇಟಿ ಸೀಟು ಹಂಚಿಕೆ ಮುಗಿಸಿಕೊಂಡು ಬರುವುದು ಮಳೆಗಾಲದಲ್ಲಿ. ರಾಯಚೂರು, ಯಾದಗಿರಿ, ಮಂಡ್ಯ, ಕೊಡಗು, ಎಲ್ಲ ಕಡೆಯವರೂ ಇರುತ್ತಾರೆ. ಪಿಯುಸಿ ಮುಗಿಯುವವರೆಗೆ ಟ್ಯೂಷನ್ನು, ಟೆಸ್ಟು, ಅಮ್ಮನ ಊಟ. ಇಲ್ಲಿ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಏನು ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಕ್ಲಾಸಿನಲ್ಲಿ ಅರ್ಧ ತಿಳಿಯುವುದಿಲ್ಲ. ಮೆಸ್ಸಿನ ಸಾರು ರುಚಿಸುವುದಿಲ್ಲ. ಊರಿನ ಗೆಳೆಯರು ಊರಿನಲ್ಲೇ ಉಳಿದರು, ಇಲ್ಲಿ ಇನ್ನೂ ಯಾರೂ ಗೆಳೆಯರಾಗಿಲ್ಲ. ಆಗ ಶನಿವಾರ ಸಂಜೆ ಪಕ್ಕದ ರೂಮಿನವನು ಬಾಗಿಲು ತಟ್ಟಿ ‘ಬಾ ಮಗಾ, ಮಂಡಕ್ಕಿ ಮಿರ್ಚಿ ತಿಂದು ಬರಾಣ’ ಅನ್ನುತ್ತಾನೆ. ಆ ಕರೆಗೆ ಇಲ್ಲ ಅನ್ನುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ. ಮಂಡಕ್ಕಿಯ ಜೊತೆ ಬಾಟಲಿಯೂ ಬಂದಾಗ ಅವನ ಲೆಕ್ಕಾಚಾರ ಬೇರೆ: ಗ್ಲಾಸು ಬೇಡ ಅಂದರೆ ಜೊತೆಯೂ ತಪ್ಪುತ್ತದೆ.

ಅಮೆರಿಕದಲ್ಲಿ ಮದ್ಯದ ತೊಂದರೆಗಳನ್ನು ಅಧ್ಯಯನ ಮಾಡುವ ಸರ್ಕಾರಿ ಸಂಸ್ಥೆ ಎನ್‌ಐಎಎಎ, ಕಾಲೇಜಿನ ಮೊದಲ ಆರು ವಾರಗಳು ಅತಿ ಸೂಕ್ಷ್ಮವಾದವು ಎಂದು ಎಚ್ಚರಿಸುತ್ತದೆ. ಅಲ್ಲಿನ ಹಾಸ್ಟೆಲುಗಳೇ ಬೇರೆ, ನಮ್ಮವೇ ಬೇರೆ. ಆದರೂ ಆರು ವಾರದ ಮಾತು ನಮ್ಮ ಕಾರಿಡಾರಿಗೂ ಸರಿಹೊಂದುತ್ತದೆ. ಮೊದಲ ಇಂಟರ್ನಲ್ಸ್ ಬರುವ ಹೊತ್ತಿಗೆ ಯಾರು ಯಾರ ಗುಂಪು ಎಂದು ತೀರ್ಮಾನವಾಗಿಬಿಟ್ಟಿರುತ್ತದೆ. ಆಮೇಲೆ ಗುಂಪು ಬದಲಿಸುವುದು ರೂಮು ಬದಲಿಸುವುದಕ್ಕಿಂತ ಕಷ್ಟ.

ಈ ಆರು ವಾರದಲ್ಲಿ ಕಾಲೇಜುಗಳು ಏನು ಮಾಡುತ್ತವೆ? ಎಐಸಿಟಿಇ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ನಡೆಸಿ ಎಂದಿದೆ. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನ ಕೈಪಿಡಿಯನ್ನೇ ಕೊಟ್ಟಿದೆ. ಒಳ್ಳೆಯ ಆಲೋಚನೆ. ಆದರೆ ಎಷ್ಟೋ ಕಡೆ ಅದರಲ್ಲಿ ಮದ್ಯದ ಪಾಲಿಗೆ ಬರುವುದು ಒಂದು ಗಂಟೆಯ ಭಾಷಣ. ಆಡಿಟೋರಿಯಂ ಕತ್ತಲೆ ಮಾಡಿ, ಕೊಳೆತ ಲಿವರಿನ ಚಿತ್ರ ತೋರಿಸಿ, ಕೊನೆಗೆ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಹದಿನೆಂಟು ವರ್ಷದವನಿಗೆ ಲಿವರ್ ಎನ್ನುವುದು ನಲವತ್ತೈದು ದಾಟಿದವರ ಚಿಂತೆ. ಚಿತ್ರ ನೋಡಿ ಮುಖ ಸಿಂಡರಿಸುತ್ತಾನೆ, ಹೊರಗೆ ಬಂದು ಪಫ್ ತಿನ್ನುತ್ತಾನೆ. ಪ್ರತಿಜ್ಞೆಯ ಮೇಲೆ ನನಗೆ ಕೋಪವೇನಿಲ್ಲ, ಫೋಟೋಗೆ ಚೆನ್ನಾಗಿ ಕಾಣುತ್ತದೆ.

ನಾವು ಹಾಸ್ಟೆಲಿನಲ್ಲಿ ಬೇರೆಯದೊಂದು ಮಾಡುತ್ತೇವೆ. ಮೊದಲ ವಾರವೇ ಹೆಸರಿಲ್ಲದ ಚೀಟಿ ಹಂಚುತ್ತೇವೆ. ಅದರಲ್ಲಿ ಎರಡೇ ಪ್ರಶ್ನೆ. ನೀನು ಕುಡಿಯುತ್ತೀಯಾ? ಈ ಹಾಸ್ಟೆಲಿನಲ್ಲಿ ನೂರಕ್ಕೆ ಎಷ್ಟು ಜನ ಕುಡಿಯುತ್ತಾರೆ ಅಂದುಕೊಂಡಿದ್ದೀಯಾ? ಚೀಟಿ ಎಣಿಸುವುದು ಹುಡುಗರೇ, ಮೆಸ್ಸಿನ ಮೇಜಿನ ಮೇಲೆ, ಎಲ್ಲರ ಎದುರು. ಎರಡನೇ ಪ್ರಶ್ನೆಯ ಉತ್ತರ ಯಾವಾಗಲೂ ಮೊದಲನೆಯದಕ್ಕಿಂತ ಬಹಳ ದೊಡ್ಡದು. ಕುಡಿಯದ ಪ್ರತಿಯೊಬ್ಬನೂ ತಾನೊಬ್ಬನೇ ಹೀಗೆ ಎಂದುಕೊಂಡು ಕುಳಿತಿರುತ್ತಾನೆ.

ಈ ಉಪಾಯ ನನ್ನದಲ್ಲ. ಅಮೆರಿಕದ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಜ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಇದರ ಹಿಂದಿನ ಸಂಗತಿಯನ್ನು ಎತ್ತಿ ತೋರಿಸಿದರು. ಓರಗೆಯವರು ಕುಡಿತವನ್ನು ಎಷ್ಟರಮಟ್ಟಿಗೆ ಒಪ್ಪುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ನಿಜಕ್ಕಿಂತ ಹೆಚ್ಚಾಗಿ ಊಹಿಸುತ್ತಾರೆ, ಆ ತಪ್ಪು ಊಹೆಗೆ ತಕ್ಕಂತೆ ತಾವೂ ಕುಡಿಯುತ್ತಾರೆ. ಊಹೆಯನ್ನು ತಿದ್ದಿದರೆ ಕುಡಿತವೂ ತಗ್ಗೀತು ಎಂಬ ದಾರಿ ಅಲ್ಲಿಂದ ಹುಟ್ಟಿತು. ನಮ್ಮ ದೇಶದ ಲೆಕ್ಕವನ್ನೂ ಹುಡುಗರಿಗೆ ಹೇಳುತ್ತೇನೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನ ಗಂಡಸರಲ್ಲಿ ಮದ್ಯ ಸೇವಿಸುವವರು ಶೇ 27.3. ಹೆಂಗಸರಲ್ಲಿ ಶೇ 1.6. ಗಂಡಸರಲ್ಲೂ ನಾಲ್ವರಲ್ಲಿ ಸುಮಾರು ಮೂವರು ಕುಡಿಯದವರೇ. ‘ಎಲ್ಲರೂ ಕುಡೀತಾರೆ’ ಅನ್ನುವುದು ಸಿನಿಮಾದ ಪಬ್ ಹಾಡಿನಲ್ಲಿ ಮಾತ್ರ ನಿಜ. ಅದೇ ಸಮೀಕ್ಷೆ ಹೇಳುವ ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ: ಕುಡಿಯುವ ಸುಮಾರು 16 ಕೋಟಿ ಜನರಲ್ಲಿ 5.7 ಕೋಟಿ ಮಂದಿಗೆ ಅದು ತೊಂದರೆಯಾಗಿಯೇ ಬೆಳೆದಿದೆ. ಕುಡಿಯುವವರು ಕಡಿಮೆ, ಆದರೆ ಅವರಲ್ಲಿ ಕುಡಿದು ಕೆಡುವವರು ಹೆಚ್ಚು. ಭಾರತದಲ್ಲಿ ಜನ ನಾಲ್ಕು ಮಾತಾಡಲೆಂದು ಕುಡಿಯುವುದಕ್ಕಿಂತ ಅಮಲೇರಲೆಂದೇ ಬೇಗ ಬೇಗ ಕುಡಿಯುತ್ತಾರೆ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ವಿವೇಕ್ ಬೆನಗಲ್ ಅಂಥವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಸ್ಟೆಲ್ ಹುಡುಗರದೂ ಅದೇ ಪದ್ಧತಿ. ಗೇಟು ಹಾಕುವ ಮುಂಚೆ ಒಳಗೆ ಬರಬೇಕು, ಅದಕ್ಕೆ ಇಪ್ಪತ್ತು ನಿಮಿಷದಲ್ಲಿ ಬಾಟಲಿ ಖಾಲಿ. ಈ ಆತುರಕ್ಕೆ ನಮ್ಮ ಗೇಟಿನ ಬೀಗವೂ ಸ್ವಲ್ಪ ಕಾರಣ, ಒಪ್ಪಬೇಕು.

ಇನ್ನೊಂದು ಕಥೆ ಹುಡುಗರಿಗೆ ಬಹಳ ಹಿಡಿಸುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಪ್ರಯೋಗಾಲಯವನ್ನೇ ಬಾರಿನಂತೆ ಕಟ್ಟಿಸಿದ್ದರು. ಕೌಂಟರು, ಮಂದ ದೀಪ, ಎಲ್ಲ ಇತ್ತು. ಅಲ್ಲಿ ವಿದ್ಯಾರ್ಥಿಗಳಿಗೆ ಮದ್ಯವೆಂದು ನಂಬಿಸಿ ಮದ್ಯವಿಲ್ಲದ ಪಾನೀಯ ಕೊಟ್ಟರೂ ಅವರ ಮಾತು ಜೋರಾಗುತ್ತಿತ್ತು, ನಗು ಹೆಚ್ಚುತ್ತಿತ್ತು, ಸಂಕೋಚ ಬಿಟ್ಟುಹೋಗುತ್ತಿತ್ತು. ಕುಡಿದರೆ ಮಾತು ಬರುತ್ತದೆ, ಧೈರ್ಯ ಬರುತ್ತದೆ ಎಂದು ನಾವು ಬಾಟಲಿಗೆ ಕೊಡುವ ಹೆಗ್ಗಳಿಕೆಯಲ್ಲಿ ಎಷ್ಟೋ ಭಾಗ ನಮ್ಮ ನಂಬಿಕೆಯದು, ಇನ್ನಷ್ಟು ಜೊತೆಗಿದ್ದವರದು. ಮಾರ್ಲಾಟ್ ಮತ್ತು ಅವರ ಸಂಗಡಿಗರು ಮುಂದೆ ‘ಬೇಸಿಕ್ಸ್’ ಎಂಬ ಚಿಕ್ಕ ಸಮಾಲೋಚನಾ ವಿಧಾನವನ್ನೂ ರೂಪಿಸಿದರು. ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು, ಅವನು ಎಷ್ಟು ಕುಡಿಯುತ್ತಾನೆ, ಓರಗೆಯವರು ನಿಜವಾಗಿ ಎಷ್ಟು ಕುಡಿಯುತ್ತಾರೆ, ಇದರಿಂದ ಅವನಿಗೆ ಏನು ನಷ್ಟವಾಗಿದೆ ಎಂಬುದನ್ನು ಅವನ ಬಾಯಿಂದಲೇ ಹೊರಡಿಸುವುದು. ಇದರಲ್ಲಿ ಬೈಗುಳಕ್ಕೆ ಜಾಗವಿಲ್ಲ. ಅಂಥದ್ದೇ ಮಾತುಕತೆಗೆ ನಮ್ಮಲ್ಲೂ ದಾರಿ ಇದೆ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಎಲ್ಲರ ಎದುರು ಬರೆದುಕೊಳ್ಳಲು ಯಾರೂ ನಿಲ್ಲುವುದಿಲ್ಲ. ಬಚ್ಚಲುಮನೆಯ ಬಾಗಿಲ ಒಳಮೈಗೆ ಅಂಟಿಸಿದ್ದೇವೆ.

ಈಗ ಒಂದು ರಾತ್ರಿಯ ವಿಷಯ. ಒಂದು ಗಂಟೆ ದಾಟಿತ್ತು, ಫಸ್ಟ್ ಇಯರ್ ಹುಡುಗನೊಬ್ಬನ ಫೋನು. ‘ಸಾರ್, ನಮ್ಮ ರೂಮ್‌ಮೇಟ್ ಎಬ್ಬಿಸಿದ್ರೂ ಏಳ್ತಿಲ್ಲ, ಮೈ ತಣ್ಣಗಾಗಿದೆ.’ ಹೋಗಿ ನೋಡಿದರೆ ಹುಡುಗ ಅಂಗಾತ ಮಲಗಿದ್ದಾನೆ, ದಿಂಬಿನ ತುಂಬ ವಾಂತಿ. ಸೀನಿಯರ್ ಒಬ್ಬನ ಬರ್ತ್‌ಡೇ ಟ್ರೀಟು. ಮೆಸ್ ಊಟ ಸೇರದೆ ಮಧ್ಯಾಹ್ನದಿಂದ ಬರೀ ಮಂಡಕ್ಕಿಯಲ್ಲಿದ್ದ. ಖಾಲಿ ಹೊಟ್ಟೆಗೆ ರಮ್ಮು. ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, 108ಕ್ಕೆ ಫೋನ್ ಮಾಡಿದೆವು. ರಕ್ತದ ಸಕ್ಕರೆ ಕೆಳಗಿಳಿದಿದೆ ಎಂದು ಡಾಕ್ಟರು ಕೂಡಲೇ ಗ್ಲೂಕೋಸ್ ಹಾಕಿಸಿದರು. ಬೆಳಗಾಗುವ ಹೊತ್ತಿಗೆ ಹುಡುಗ ಎದ್ದು ಕೂತ. ಆಮೇಲೆ ತಿಳಿಯಿತು, ರೂಮಿನಲ್ಲಿ ಫೋನ್ ಮಾಡಬೇಕೋ ಬೇಡವೋ ಎಂದು ಅರ್ಧ ಗಂಟೆ ಜಗಳವಾಗಿತ್ತು. ‘ವಾರ್ಡನ್‌ಗೆ ಗೊತ್ತಾದ್ರೆ ಎಲ್ಲರನ್ನೂ ಹಾಸ್ಟೆಲಿಂದ ಹಾಕ್ತಾರೆ, ಮಲಗಿ ಎದ್ರೆ ಸರಿಹೋಗ್ತಾನೆ’ ಎಂದು ಸೀನಿಯರುಗಳು ಅಂದರೆ, ಈ ಹುಡುಗ ಬಾತ್‌ರೂಮಿಗೆ ಹೋಗುವ ನೆಪದಲ್ಲಿ ಹೊರಗೆ ಬಂದು ನನಗೆ ಫೋನ್ ಮಾಡಿದ್ದ.

ಮಲಗಿ ಎದ್ದರೆ ಸರಿಹೋಗುವುದಿಲ್ಲ. ಕೊನೆಯ ಗ್ಲಾಸು ಹೊಟ್ಟೆಯಲ್ಲೇ ಇರುತ್ತದೆ, ಪ್ರಜ್ಞೆ ತಪ್ಪಿದ ಮೇಲೂ ರಕ್ತದಲ್ಲಿ ಆಲ್ಕೋಹಾಲು ಏರುತ್ತಲೇ ಹೋಗುತ್ತದೆ. ಅಂಗಾತ ಮಲಗಿದವನಿಗೆ ವಾಂತಿ ಶ್ವಾಸನಾಳಕ್ಕೆ ಇಳಿದರೆ ಮುಗಿಯಿತು. ಚಿವುಟಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಉಸಿರಾಡಿದರೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡ್ ಅಂತರ ಬಿದ್ದರೆ, ತುಟಿ ನೀಲಿಗಟ್ಟಿದರೆ, ಕಾಯುವಂತಿಲ್ಲ. ಒಬ್ಬನೇ ಬಿಟ್ಟು ಹೋಗುವಂತಿಲ್ಲ, ನೀರು ಕುಡಿಸುವಂತಿಲ್ಲ, ಶವರಿನ ಕೆಳಗೆ ನಿಲ್ಲಿಸುವಂತಿಲ್ಲ. ಇಂಡಕ್ಷನ್ನಿನ ಒಂದು ಗಂಟೆಯಲ್ಲಿ ನಾನು ಹೇಳುವುದು ಮುಖ್ಯವಾಗಿ ಇದನ್ನೇ. ಒಬ್ಬ ಹುಡುಗನನ್ನು ನೆಲದ ಮೇಲೆ ಮಲಗಿಸಿ, ಪಕ್ಕಕ್ಕೆ ಹೊರಳಿಸುವುದು ಹೇಗೆಂದು ಎಲ್ಲರಿಂದಲೂ ಮಾಡಿಸುತ್ತೇನೆ. ನಗುತ್ತಾ ಮಾಡುತ್ತಾರೆ, ಆದರೆ ಕಲಿಯುತ್ತಾರೆ.

ಆ ರಾತ್ರಿಯ ನಂತರ ಹಾಸ್ಟೆಲಿನ ನಿಯಮಕ್ಕೆ ಒಂದು ಸಾಲು ಸೇರಿತು: ಸಹಾಯಕ್ಕೆ ಫೋನ್ ಮಾಡಿದವನಿಗೂ, ಯಾರಿಗಾಗಿ ಫೋನ್ ಮಾಡಿದರೋ ಅವನಿಗೂ ಆ ರಾತ್ರಿಯ ಕುಡಿತಕ್ಕೆ ಶಿಕ್ಷೆ ಇಲ್ಲ. ಮರುದಿನ ಕೌನ್ಸೆಲರ್ ಹತ್ತಿರ ಹೋಗಬೇಕು, ಅಷ್ಟೇ. ‘ಇದು ಕುಡಿಯೋಕೆ ಲೈಸೆನ್ಸ್ ಕೊಟ್ಟಂಗಲ್ವಾ’ ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಕೇಳಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲೇ ಇಂಥ ನಿಯಮ ತಂದಿತು, ಆಮೇಲೆ ಸಹಾಯ ಕೇಳಿ ಬರುವ ಕರೆಗಳು ಹೆಚ್ಚಿದವು ಎಂದು ಹೇಳಿದೆ. ಅದಕ್ಕಿಂತ, ‘ಹುಡುಗ ಸತ್ತರೆ ಅವನ ಅಪ್ಪನಿಗೆ ಫೋನ್ ಮಾಡುವವರು ಯಾರು ಸಾರ್’ ಎಂದು ಕೇಳಿದ್ದು ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ.

ಹಾಗೆಂದು ಕುಡಿಸಿದವರನ್ನು ಬಿಡುವುದಿಲ್ಲ. ಇಲ್ಲಿ ನಾನು ಮೆತ್ತಗಿಲ್ಲ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಹೊರಟು, ವಿರೋಧ ಬಂದ ಮೇಲೆ ಸರ್ಕಾರ ಕೈಬಿಟ್ಟಿತು. ಫಸ್ಟ್ ಇಯರ್‌ನಲ್ಲಿ ಇನ್ನೂ 17 ನಡೆಯುತ್ತಿರುವವರೂ ಇರುತ್ತಾರೆ. 18 ತುಂಬದವರಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ‘ಅಣ್ಣಾ’ ಅನ್ನಿಸಿಕೊಂಡು ಗ್ಲಾಸು ತುಂಬಿಸುವ ಸೀನಿಯರುಗಳಿಗೆ ಈ ಕಲಮನ್ನು ಓದಿ ಹೇಳುತ್ತೇನೆ. ಬಲವಂತದಿಂದ ಕುಡಿಸುವುದು ರ‍್ಯಾಗಿಂಗ್ ಕೂಡ ಹೌದು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಚ್ರೂ ಎಂಬ ಫಸ್ಟ್ ಇಯರ್ ಹುಡುಗ ಕುಡಿದ ಸೀನಿಯರುಗಳ ಹೊಡೆತಕ್ಕೆ ಸತ್ತ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳು ಬಂದದ್ದು ಅದೇ ವರ್ಷ. ದೂರು ಕೊಡಲು 1800-180-5522 ಇದೆ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಬ್ಬದಲ್ಲಿ ಹಿರಿಯರ ಎದುರೇ ಒಂದು ಗುಟುಕು ಕುಡಿಯುವ ರೂಢಿಯ ಮನೆಯಿಂದ ಬಂದ ಕೊಡಗಿನ ಹುಡುಗನಿಗೆ ಬಾಟಲಿ ಎಂದರೆ ಕುತೂಹಲವೇ ಇಲ್ಲ. ರಾಯಚೂರು ಕಡೆಯ ಹುಡುಗನ ಮನೆಯ ಕಥೆ ಬೇರೆ ಇರಬಹುದು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದರಲ್ಲ, ಅವರು ನಡೆದದ್ದು ನಮ್ಮ ಊರನ್ನು ಹಾದು ಹೋಗುವ ಹೆದ್ದಾರಿಯಲ್ಲೇ. ಅಂಥ ತಾಯಂದಿರ ಮಕ್ಕಳು ನನ್ನ ಹಾಸ್ಟೆಲಿನಲ್ಲೂ ಇದ್ದಾರೆ. ಅಪ್ಪನ ಕುಡಿತ ನೋಡಿ ಬೆಳೆದ ಹುಡುಗ ಒಂದೋ ಗ್ಲಾಸನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಶುರು ಮಾಡಿದರೆ ನಿಲ್ಲಿಸುವುದು ಅವನಿಗೆ ಉಳಿದವರಿಗಿಂತ ಕಷ್ಟ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಅಪ್ಪಂದಿರಿಗೆ ದಾರಿ ತೋರಿಸಿವೆ. ಇನ್ನೂ ಶುರುವೇ ಮಾಡದ ಮಗನಿಗೆ ಶಿಬಿರ ಬೇಕಿಲ್ಲ, ಶನಿವಾರ ಸಂಜೆಗೊಂದು ಕೆಲಸ ಬೇಕು.

ಹಾಗಾಗಿ ನಮ್ಮಲ್ಲಿ ಶನಿವಾರ ಮೆಸ್ಸು ರಾತ್ರಿ ಹತ್ತೂವರೆವರೆಗೆ ತೆರೆದಿರುತ್ತದೆ, ಎಗ್ ರೈಸ್ ಅಥವಾ ಗಿರ್ಮಿಟ್ ಬಿಸಿಯಾಗಿ ಸಿಗುತ್ತದೆ. ವಾಲಿಬಾಲ್ ಅಂಕಣಕ್ಕೆ ದೀಪ ಬಂದಿದೆ. ಐಸ್‌ಲ್ಯಾಂಡ್ ದೇಶ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತು. ಮಕ್ಕಳಿಗೆ ಆಟ, ಸಂಗೀತಕ್ಕೆ ಹಣ ಕೊಟ್ಟು, ರಾತ್ರಿ ಹೊರಗೆ ಸುತ್ತುವುದಕ್ಕೆ ಹೊತ್ತು ಗೊತ್ತುಮಾಡಿ, ಹೆತ್ತವರನ್ನೂ ಒಳಗೆ ಎಳೆದುಕೊಂಡಿತು. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದ 15-16 ವಯಸ್ಸಿನ ಮಕ್ಕಳು 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5 ಆಯಿತು. ನಮ್ಮ ಗಿರ್ಮಿಟ್‌ಗೆ ಅಷ್ಟು ಶಕ್ತಿ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಂಡಕ್ಕಿ ತಿನ್ನಲು ಹೊರಗೆ ಹೋಗಬೇಕಾದ ಕಾರಣ ಒಂದಾದರೂ ತಪ್ಪಿತು.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಈ ಮಾತೇ ಎತ್ತುವುದಿಲ್ಲ, ಅಲ್ಲಿ ಅಂಥದ್ದು ಇಲ್ಲವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಸಂಖ್ಯೆ ಕಡಿಮೆ, ನಿಜ. ಆದರೆ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆಯಾದ್ದರಿಂದ ಅಷ್ಟೇ ಮದ್ಯಕ್ಕೆ ಅಮಲು ಹೆಚ್ಚು. ಹುಡುಗರಿಗಿಂತ ಅವಮಾನದ ಭಯವೂ ಹೆಚ್ಚಾದ್ದರಿಂದ ಫೋನ್ ಮಾಡುವವರು ಇನ್ನೂ ಕಡಿಮೆ. ಪಕ್ಕಕ್ಕೆ ಹೊರಳಿಸುವ ಪಾಠ ಅಲ್ಲಿಗೂ ಬೇಕು.

ಅಪ್ಪ ಅಮ್ಮಂದಿರಿಗೆ ಹೇಳುವುದು ಒಂದಿದೆ. ಮಗ ಕಾಲೇಜಿಗೆ ಹೊರಡುವ ಮುಂಚಿನ ರಜೆಯಲ್ಲಿ ಹೆತ್ತವರು ಈ ವಿಷಯ ಬಿಚ್ಚಿ ಮಾತಾಡಿದರೆ ಆಮೇಲಿನ ಕುಡಿತ ತಗ್ಗುತ್ತದೆ ಎಂದು ಅಮೆರಿಕದ ರಾಬರ್ಟ್ ಟರಿಸಿ ಎಂಬ ಸಂಶೋಧಕರು ತೋರಿಸಿದ್ದಾರೆ. ಹೆತ್ತವರಿಗಾಗಿ ಒಂದು ಕೈಪಿಡಿಯನ್ನೂ ಬರೆದರು. ನಮ್ಮಲ್ಲೂ ಸೀಟು ಸಿಕ್ಕ ದಿನದಿಂದ ಹಾಸ್ಟೆಲಿಗೆ ಬಿಡುವ ದಿನದವರೆಗೆ ಬಿಡುವು ಇರುತ್ತದೆ. ಅಷ್ಟರಲ್ಲಿ ಬಕೆಟ್, ಬೆಡ್‌ಶೀಟ್, ಡ್ರಾಫ್ಟರ್ ಎಲ್ಲ ಕೊಂಡಾಗಿರುತ್ತದೆ, ಈ ಮಾತೊಂದು ಉಳಿದಿರುತ್ತದೆ.

ಹೋದ ಸಲ ಅಡ್ಮಿಷನ್ನಿನ ದಿನ, ಲಾರಿ ಓಡಿಸುವ ಒಬ್ಬರು ಮಗನನ್ನು ಹೊರಗೆ ನಿಲ್ಲಿಸಿ ನನ್ನ ಕೋಣೆಗೆ ಬಂದರು. ‘ನಾನೇ ದಿನಾ ಕುಡಿಯೋನು ಸಾರ್. ನಾನ್ ಹೆಂಗೆ ಹೇಳ್ಲಿ ಅವನಿಗೆ?’

‘ನೀವು ಕುಡಿಯೋದು ಅವನಿಗೆ ಗೊತ್ತೇ ಇದೆಯಲ್ಲ. ಅದರಿಂದ ಕೈಬಿಟ್ಟಿದ್ದು ಏನೇನು ಅಂತ ಹೇಳಿ. ಆಮೇಲೆ, ಏನೇ ಎಡವಟ್ಟಾದ್ರೂ ಮೊದಲು ನನಗೆ ಫೋನ್ ಮಾಡು, ಬೈಯಲ್ಲ ಅಂತ ಹೇಳಿ.’

ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಬೈಯಲ್ಲ ಅಂತ ಮಾತು ಕೊಡೋದು ಕಷ್ಟ ಸಾರ್. ಮಾರನೇ ದಿನ ಬೈಬೋದಾ?’

‘ಬೈಬೋದು. ಅವನು ಎದ್ದು ತಿಂಡಿ ತಿಂದ ಮೇಲೆ.’